ಹಿಮ್ಮಡಿ ಮುರಿದ ಮೇಲೆ ಮತ್ತೆ ಏಣಿ ಹತ್ತಿದ್ದು

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಮರ ಹತ್ತುವವರಿಗೆ ವರ್ಷಕ್ಕೆ ಎರಡು ಸುಗ್ಗಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ನೆರಳಿನ ಮರಗಳಿಗೆ ಹಬ್ಬಿಸಿದ ಕಾಳುಮೆಣಸಿನ ಕೊಯ್ಲು. ಅದರ ಬೆನ್ನಿಗೇ, ಮುಂಗಾರು ಹಿಡಿಯುವುದರೊಳಗೆ ಮುಗಿಸಬೇಕಾದ ಮರಗಸಿ. ನೆರಳಿನ ಮರಗಳ ಕೊಂಬೆ ಸವರದೆ ಬಿಟ್ಟರೆ ಮಳೆಗಾಲದಲ್ಲಿ ತೋಟದೊಳಗೆ ಗಾಳಿ ಬೆಳಕು ಆಡುವುದಿಲ್ಲ, ಕಾಫಿಗೆ ಕೊಳೆರೋಗ ಹಿಡಿಯುತ್ತದೆ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲ ತೋಟದವರಿಗೂ ಒಟ್ಟಿಗೇ ಅವಸರ. ಆ ಅವಸರದಲ್ಲಿಯೇ ನಮ್ಮ ಕೆಲಸದವರು ಹೆಚ್ಚಾಗಿ ಬೀಳುವುದು.

ನಾನು ಬಿದ್ದದ್ದು ಹಾಲುವಾಣದ ಮರದಿಂದ. ಏಣಿಯ ತಲೆ ಒರಗಿದ್ದ ಕವಲು ಮೆಣಸಿನ ಬಳ್ಳಿಯ ಮರೆಯಲ್ಲಿ ಒಳಗೊಳಗೇ ಲಡ್ಡಾಗಿತ್ತು. ಹೊರಗೆ ಹಸಿರು ಎಲೆ, ದಪ್ಪ ಬಳ್ಳಿ, ಒಳಗೆ ಹಿಟ್ಟು. ಹಾಲುವಾಣ ಮೆದು ಮರ, ಹಿಂದೆ ಕಡಿದ ಜಾಗದಿಂದ ನೀರು ಇಳಿದರೆ ಬೇಗ ಕೊಳೆಯುತ್ತದೆ. ಕವಲು ಮುರಿಯಿತು, ಏಣಿ ಪಕ್ಕಕ್ಕೆ ಜಾರಿತು, ನಾನು ನೆಟ್ಟಗೆ ಎರಡೂ ಕಾಲಿನ ಮೇಲೆ ಬಂದು ಬಿದ್ದೆ. ಎಡಗಾಲಿನ ಹಿಮ್ಮಡಿ ಮೂಳೆ ಹೋಳಾಯಿತು.

ಅವತ್ತು ನನ್ನ ಬೆನ್ನನ್ನು ಉಳಿಸಿದವರು ನಮ್ಮ ಹಳೆಯ ಮೇಸ್ತ್ರಿ. ಹುಡುಗರು ಓಡಿ ಬಂದು ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಕೂರಿಸಲು ಹೊರಟಿದ್ದರು. ನೀರು ಕುಡಿಸಿ ಅನ್ನುವವರೂ ಇದ್ದರು. ಮೇಸ್ತ್ರಿ ಕೂಗಿದರು: "ಯಾರೂ ಮುಟ್ಬೇಡಿ ಅವನ್ನ. ಮಲಗಿದ್ದ ಹಾಗೇ ಇರ್ಲಿ." ನನ್ನ ಹತ್ತಿರ ಕೂತು ಕಾಲಿನ ಬೆರಳು ಅಲ್ಲಾಡಿಸಲು ಹೇಳಿದರು, ಪಾದ ಮುಟ್ಟಿ ಗೊತ್ತಾಗುತ್ತಾ ಎಂದು ಕೇಳಿದರು. ಆಮೇಲೆ ಏಣಿಯನ್ನೇ ನೆಲಕ್ಕೆ ಹಾಕಿ, ಮೇಲೆ ಕಾಫಿ ಒಣಗಿಸುವ ತಾಟು ಮಡಚಿ ಹಾಸಿ, ನಾಲ್ಕು ಜನ ಒಂದೇ ಸಲಕ್ಕೆ ನನ್ನ ತಲೆ, ಬೆನ್ನು, ಸೊಂಟ, ಕಾಲು ಒಂದೇ ನೇರದಲ್ಲಿರುವಂತೆ ಮಗ್ಗುಲಿಗೆ ಹೊರಳಿಸಿ ಅದರ ಮೇಲೆ ತಂದರು. 108ಕ್ಕೆ ಫೋನ್ ಹೋಗಿತ್ತು. ಗಾಡಿ ತೋಟದ ಒಳಗೆ ಬರುವ ಹಾಗಿರಲಿಲ್ಲ, ಗೇಟಿನವರೆಗೆ ಏಣಿಯ ಮೇಲೆಯೇ ಹೊತ್ತರು.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಕಾಲು ನೋಡುವ ಮುಂಚೆಯೇ ಸೊಂಟ ಒತ್ತಿ ನೋಡಿದರು. ಎತ್ತರದಿಂದ ಬಿದ್ದು ಹಿಮ್ಮಡಿ ಮುರಿದವರಲ್ಲಿ ಅದೇ ಪೆಟ್ಟು ಮೇಲಕ್ಕೆ ಏರಿ ಬೆನ್ನುಮೂಳೆಯನ್ನೂ ಜಜ್ಜಿರಬಹುದು, ಸುಮಾರು ಹತ್ತರಲ್ಲಿ ಒಬ್ಬರಿಗೆ ಹಾಗಾಗಿರುತ್ತದೆ ಎಂದರು. ಕಾಲು ನೋವಿನ ಅಬ್ಬರದಲ್ಲಿ ಸೊಂಟದ ನೋವು ಮರೆಯಾಗಿಬಿಡುತ್ತದೆ. ನಮ್ಮಲ್ಲಿ ಬಿದ್ದವರನ್ನು ಪಿಕಪ್‌ನ ಹಿಂದೆ ಕೂರಿಸಿಕೊಂಡು ಹೋಗುವುದು ನೋಡಿದಾಗೆಲ್ಲ ನನಗೆ ಹೊಟ್ಟೆ ತೊಳಸುತ್ತದೆ. ಮುರಿದ ಕಾಲು ಒಂದು ದಿನ ಕಾಯುತ್ತದೆ. ಬೆನ್ನು ಹುರಿ ಒಮ್ಮೆ ಕುಯ್ದರೆ ಸೊಂಟದ ಕೆಳಗೆ ಬದುಕೇ ಇಲ್ಲ.

ಆಪರೇಷನ್ ತಕ್ಷಣ ಆಗಲಿಲ್ಲ. ಪಾದ ಕುಂಬಳಕಾಯಿಯ ಹಾಗೆ ಊದಿ, ಚರ್ಮದ ಮೇಲೆ ಬೊಕ್ಕೆ ಎದ್ದಿತ್ತು. ಊತ ಇಳಿದು ಚರ್ಮದಲ್ಲಿ ಸುಕ್ಕು ಕಾಣುವ ಮೊದಲೇ ಕೊಯ್ದರೆ ಗಾಯ ಕೂಡುವುದಿಲ್ಲ, ಕೀವಾಗುತ್ತದೆ ಎಂದು ವಾರಕ್ಕೂ ಮೇಲೆ ಕಾಲನ್ನು ಎದೆಗಿಂತ ಎತ್ತರಕ್ಕೆ ದಿಂಬಿಟ್ಟು ಮಲಗಿಸಿದರು. ಈ ಕಾಯುವ ಹೊತ್ತಿನಲ್ಲಿಯೇ ನೆಂಟರು ಬಂದು ಮನಸ್ಸು ಕದಡುವುದು. "ಪುತ್ತೂರು ಕಟ್ಟು ಕಟ್ಟಿಸಿಬಿಡೋಣ, ಕೊಯ್ಯೋದೇ ಬೇಡ" ಎಂದು ನಮ್ಮ ಭಾವ ಹಟ ಹಿಡಿದರು. ಊತವಿರುವ ಪಾದಕ್ಕೆ ಬಿದಿರ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಟ ನಿಂತು ಪಾದವೇ ಹೋಗಬಹುದು. ಹಿಮ್ಮಡಿ ಮೂಳೆಯ ಮೇಲ್ಭಾಗ ಒಂದು ಕೀಲು, ಅದರ ಮಟ್ಟ ತಪ್ಪಿ ಕೂಡಿದರೆ ಜೀವಮಾನವಿಡೀ ನೋವು. ಸಿ.ಟಿ. ಸ್ಕ್ಯಾನ್ ಇಲ್ಲದೆ ಅದು ಯಾರ ಕೈಗೂ ತಿಳಿಯುವಂಥದ್ದಲ್ಲ. ಎಲ್ಲ ಹಿಮ್ಮಡಿಗೂ ಆಪರೇಷನ್ ಬೇಕಿಲ್ಲ ಎಂದೂ ಡಾಕ್ಟರೇ ಹೇಳಿದರು. ನನ್ನದಕ್ಕೆ ಬೇಕಿತ್ತು, ಪ್ಲೇಟು ಸ್ಕ್ರೂ ಹಾಕಿದರು. ಬೀಡಿ ಬಿಡಲು ಹೇಳಿದರು, ಸೇದುವವರ ಗಾಯವೂ ಮೂಳೆಯೂ ನಿಧಾನ ಕೂಡುತ್ತವಂತೆ. ಬಿಟ್ಟೆ.

ಮನೆಗೆ ಬಂದ ಮೇಲಿನದೇ ನಿಜವಾದ ಕೆಲಸ. ಮೊದಲ ಎರಡು ಮೂರು ತಿಂಗಳು ಆ ಕಾಲನ್ನು ನೆಲಕ್ಕೆ ಊರುವಂತಿಲ್ಲ. ನಮ್ಮ ಮನೆಯ ಕಕ್ಕಸು ಕುಕ್ಕರಗಾಲಲ್ಲಿ ಕೂರುವಂಥದ್ದು. ಇದನ್ನು ಆಸ್ಪತ್ರೆಯಲ್ಲಿ ಯಾರೂ ಕೇಳುವುದಿಲ್ಲ, ನಾವಾಗಿ ಹೇಳುವುದೂ ಇಲ್ಲ. ಒಂಟಿ ಕಾಲಲ್ಲಿ ಅಲ್ಲಿ ಕೂರಲು ಹೋಗಿ ಮತ್ತೆ ಬಿದ್ದವರಿದ್ದಾರೆ. ನನ್ನ ಹೆಂಡತಿ ಬಾಡಿಗೆಗೆ ಕಮೋಡ್ ಕುರ್ಚಿ ತರಿಸಿದಳು, ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಪೈಪು ಹಾಕಿಸಿದಳು. ಬಿದ್ದವರ ಮನೆಗೆ ಈಗ ನಾನು ಹೋದರೆ ಮೊದಲು ನೋಡುವುದು ಬಚ್ಚಲನ್ನೇ.

ಕಾಲು ಊರದಿದ್ದರೂ ಪಾದವನ್ನು ಸುಮ್ಮನೆ ಇಡುವಂತಿರಲಿಲ್ಲ. ಗಾಯ ಒಣಗಿದ ಮೇಲೆ ಫಿಸಿಯೋಥೆರಪಿ ಹುಡುಗಿ ಹೇಳಿಕೊಟ್ಟಳು: ಹೆಬ್ಬೆರಳನ್ನು ಬಳಪ ಅಂದುಕೊಂಡು ಗಾಳಿಯಲ್ಲಿ ಅ ಆ ಇ ಈ ಬರೆಯಿರಿ, ಮೊಣಕಾಲು ಅಲ್ಲಾಡಬಾರದು, ಪಾದ ಮಾತ್ರ. ಋ ಬರೆಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಎರಡನೇ ಕ್ಲಾಸಿನ ಮಗಳು ಎದುರಿಗೆ ಕೂತು ಒತ್ತಕ್ಷರವನ್ನೂ ಬರೆಸುತ್ತಿದ್ದಳು. ಪಾದಕ್ಕೆ ಟವಲ್ ಸುತ್ತಿ ಎಳೆದು ಮೀನಖಂಡ ಹಿಗ್ಗಿಸುವುದು, ನೆಲದ ಮೇಲಿನ ಗೋಲಿಗಳನ್ನು ಕಾಲಿನ ಬೆರಳಲ್ಲಿ ಹೆಕ್ಕುವುದು, ಇವೆಲ್ಲ ದಿನಕ್ಕೆ ಮೂರ್ನಾಲ್ಕು ಹೊತ್ತು. ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು: ಮಲಗಿದಲ್ಲೇ ಇರುವವರ ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ರಕ್ತ ಹೆಪ್ಪುಗಟ್ಟಿರಬಹುದು, ಉಸಿರು ಕಟ್ಟಿದಂತಾದರೆ ಒಂದು ಕ್ಷಣವೂ ಕಾಯಬಾರದು.

ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆ ಎಂದು ಗೊತ್ತಾದ ದಿನ ಎಲ್ಲರೂ ನಾನು ಗುಣವಾದೆ ಅಂದುಕೊಂಡರು. ಟಾರ್ ರಸ್ತೆಯಲ್ಲಿ ನಡೆಯುವುದು ಬೇಗನೇ ಬಂತು. ತೋಟದ ಇಳಿಜಾರಿಗೆ ಕಾಲಿಟ್ಟಾಗ ಮಾತ್ರ ಪಾದ ಹಲಗೆಯಂತೆ ನಿಂತಿತು. ಹಿಮ್ಮಡಿಗೂ ಅದರ ಮೇಲಿನ ಮೂಳೆಗೂ ನಡುವಿನ ಕೀಲು ಪಾದವನ್ನು ಒಳಕ್ಕೂ ಹೊರಕ್ಕೂ ವಾಲಿಸುತ್ತದೆ. ಅದು ಬಿಗಿದುಕೊಂಡರೆ ಸಮನೆಲದಲ್ಲಿ ಗೊತ್ತೇ ಆಗುವುದಿಲ್ಲ, ಕಲ್ಲು, ಬೇರು, ಏಣಿಯ ಮೆಟ್ಟಿಲು ಬಂದ ಕೂಡಲೇ ಗೊತ್ತಾಗುತ್ತದೆ. ಎಷ್ಟೋ ಜನ ಈ ಹಂತದಲ್ಲಿ, ಸಾಲದ ಒತ್ತಡಕ್ಕೆ, ನೇರ ಏಣಿ ಹತ್ತಿಬಿಡುತ್ತಾರೆ. ನಾನು ಮೊದಲು ಅಂಗಳದಲ್ಲಿ ಹಲಗೆಯ ಒಂದು ಬದಿಗೆ ಇಟ್ಟಿಗೆ ಕೊಟ್ಟು ಓರೆ ಮಾಡಿ ಅದರ ಮೇಲೆ ನಿಲ್ಲುವುದನ್ನು ಅಭ್ಯಾಸ ಮಾಡಿದೆ. ಆಮೇಲೆ ತೋಟದ ಕಾಲುದಾರಿ, ಆಮೇಲೆ ದಾರಿ ಬಿಟ್ಟು ಅಡ್ಡ ಇಳಿಜಾರು. ಮೆತ್ತನೆಯ, ಅಗಲ ಹಿಮ್ಮಡಿಯ ಶೂ ಇಲ್ಲದೆ ಒಂದು ಹೆಜ್ಜೆಯೂ ಇಡಲಿಲ್ಲ.

ಆ ವರ್ಷದ ಮೆಣಸಿನ ಕೊಯ್ಲಿಗೆ ಕೆಳಗೆ ನಿಲ್ಲುವ ಆಳಾಗಿ ಹೋದೆ. ಏಣಿಯ ಬುಡ ಹಿಡಿಯುವುದು, ಹಗ್ಗ ಬಿಡುವುದು, ಮೇಲಿನವನ ಕಣ್ಣಿಗೆ ಕಾಣದ್ದನ್ನು ಹೇಳುವುದು. ನಾವೆಲ್ಲ ಕೆಲಸ ಮಾಡುವ ರೀತಿ ಬದಲಾದದ್ದು ಆ ಒಂದು ಸುಗ್ಗಿಯಲ್ಲಿ, ನಾನು ಕೆಳಗಿನಿಂದ ನೋಡುತ್ತ ನಿಂತಿದ್ದಾಗ.

ಮೊದಲನೆಯದು ಮರವನ್ನು ಬಡಿದು ನೋಡುವುದು. ಏಣಿ ಒರಗಿಸುವ ಜಾಗದ ಬಳ್ಳಿ ಸರಿಸಿ, ಉದ್ದ ಗಳುವಿನಿಂದಲೋ ಕತ್ತಿಯ ಹಿಂಬದಿಯಿಂದಲೋ ಬಡಿದರೆ ಗಟ್ಟಿ ಮರದ ಸದ್ದೇ ಬೇರೆ, ಟೊಳ್ಳಿನ ಸದ್ದೇ ಬೇರೆ. ಏಣಿ ಕೊಂಬೆಗೆ ಒರಗುವುದೇ ಇಲ್ಲ, ಕಾಂಡಕ್ಕೆ ಮಾತ್ರ. ಕಡಿಯುವ ಕೊಂಬೆಗೆ ಏಣಿ ಒರಗಿದ್ದರೆ ತುದಿಯ ಭಾರ ಕಳಚಿದ ಕೂಡಲೇ ಉಳಿದ ಬುಡ ಮೇಲಕ್ಕೆ ಚಿಮ್ಮುತ್ತದೆ, ಏಣಿಯ ತಲೆ ಗಾಳಿಗೆ ಬರುತ್ತದೆ. ಸಿಲ್ವರ್ ಓಕ್ ಆದರೆ ಕಾಂಡ ನೆಟ್ಟಗೆ, ದುಂಡು. ಏಣಿಯ ಮೇಲಿನ ಮೆಟ್ಟಿಲು ಅದರ ಮೇಲೆ ಉರುಳುತ್ತದೆ. ಹಾಗಾಗಿ ಮೇಲಿನ ಮೆಟ್ಟಿಲಿಗೆ ಬದಲು ದಪ್ಪ ರಬ್ಬರ್ ಪಟ್ಟಿ ಹಾಕಿಸಿದ್ದೇವೆ, ಅದು ಕಾಂಡವನ್ನು ತಬ್ಬಿ ಕೂರುತ್ತದೆ.

ಓರೆಯ ಲೆಕ್ಕ ನಾಲ್ಕಕ್ಕೆ ಒಂದು. ಏಣಿ 20 ಅಡಿ ಎತ್ತರದಲ್ಲಿ ಒರಗಿದರೆ ಬುಡ ಮರದಿಂದ 5 ಅಡಿ ದೂರ. ಅಳತೆ ಟೇಪು ಬೇಕಿಲ್ಲ: ಏಣಿಯ ಪಾದಕ್ಕೆ ಹೆಬ್ಬೆರಳು ತಾಗಿಸಿ ನೆಟ್ಟಗೆ ನಿಂತು ಕೈ ಮುಂದೆ ಚಾಚಿದರೆ ಅಂಗೈ ಮೆಟ್ಟಿಲಿಗೆ ಸರಿಯಾಗಿ ಸಿಗಬೇಕು. ಇಳಿಜಾರಿನಲ್ಲಿ ತಗ್ಗಿನ ಕಾಲಿಗೆ ಕಲ್ಲು, ಕಟ್ಟಿಗೆ ಕೊಡುವುದನ್ನು ನಿಲ್ಲಿಸಿದೆವು. ಎತ್ತರದ ಕಡೆಯ ಮಣ್ಣನ್ನೇ ಗುದ್ದಲಿಯಿಂದ ಕಡಿದು ಎರಡೂ ಕಾಲು ಒಂದೇ ಮಟ್ಟಕ್ಕೆ ಬರುವಂತೆ ಮಾಡುತ್ತೇವೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುದಿನ ಮಣ್ಣು ಮೆತ್ತಗಿರುತ್ತದೆ, ಏಣಿ ಇಟ್ಟು ಮೊದಲ ಮೆಟ್ಟಿಲ ಮೇಲೆ ಒಬ್ಬ ಕುಣಿದು ಅದು ಕೂತ ಮೇಲೆಯೇ ಮುಂದಿನ ಕೆಲಸ.

ಮೊದಲು ಹತ್ತುವವನು ಕತ್ತಿ ಒಯ್ಯುವುದಿಲ್ಲ, ಹಗ್ಗ ಮಾತ್ರ. ಕೆಳಗೆ ಇಬ್ಬರು ಏಣಿ ಹಿಡಿದಿರುವಾಗ ಅವನು ಹೋಗಿ ಏಣಿಯ ತಲೆಯನ್ನು ಕಾಂಡಕ್ಕೆ ಕಟ್ಟುತ್ತಾನೆ. ಆಮೇಲೆ ತನ್ನ ಸುರಕ್ಷತಾ ಬೆಲ್ಟಿನ ಹಗ್ಗವನ್ನು ಕಾಂಡಕ್ಕೆ ಸುತ್ತುತ್ತಾನೆ. ಬೆಲ್ಟನ್ನು ಏಣಿಗೆ ಸಿಕ್ಕಿಸುವುದನ್ನು ಕೆಲವು ತೋಟಗಳಲ್ಲಿ ಈಗಲೂ ನೋಡುತ್ತೇನೆ, ಏಣಿ ಉರುಳಿದರೆ ಅವನನ್ನೂ ಎಳೆದುಕೊಂಡೇ ಉರುಳುತ್ತದೆ. ಕವಲು ದಾಟುವಾಗ ಬಿಚ್ಚಬೇಕಾಗುವುದರಿಂದ ಬೆಲ್ಟಿಗೆ ಎರಡು ಹಗ್ಗ, ಒಂದು ಬಿಚ್ಚುವ ಮೊದಲು ಇನ್ನೊಂದು ಸುತ್ತಿರಬೇಕು. ಕತ್ತಿ, ಕೈಗರಗಸ ಆಮೇಲೆ ಹಗ್ಗದಲ್ಲಿ ಮೇಲೆ ಹೋಗುತ್ತವೆ. ಯಂತ್ರದ ಗರಗಸ ಏಣಿಯ ಮೇಲೆ ಬೇಡವೇ ಬೇಡ, ಅದಕ್ಕೆ ಎರಡೂ ಕೈ ಬೇಕು. ದಪ್ಪ ಕೊಂಬೆಗೆ ಮೊದಲು ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ದು, ಸ್ವಲ್ಪ ತುದಿಯ ಕಡೆಗೆ ಸರಿದು ಮೇಲಿನಿಂದ ಕೊಯ್ದರೆ ಸೀಳು ಕಾಂಡದವರೆಗೆ ಬರುವುದಿಲ್ಲ. ಉಳಿದ ಮೋಟನ್ನು ಕೊನೆಗೆ ತೆಗೆಯುತ್ತೇವೆ. ಹತ್ತುವ ಮೊದಲು ಚಗಳಿ (ಕಚ್ಚುವ ಕೆಂಪಿರುವೆ) ಗೂಡು, ಹೆಜ್ಜೇನು ಇದೆಯೇ ಎಂದು ಮರವನ್ನು ಒಂದು ಸುತ್ತು ನೋಡುತ್ತೇವೆ. ಚಗಳಿ ಮುತ್ತಿದವನ ಎರಡೂ ಕೈ ತಾನಾಗಿ ಏಣಿ ಬಿಡುತ್ತವೆ.

ಅಲ್ಯೂಮಿನಿಯಂ ಏಣಿ ಹಗುರ, ಅದಕ್ಕೇ ಎಲ್ಲ ತೋಟಕ್ಕೂ ಬಂತು. ಅದು ತೋಟದ ನಡುವೆ ಹಾದುಹೋಗುವ 11 ಕೆ.ವಿ. ತಂತಿಗೆ ತಗುಲಿ ಮೆಣಸು ಕೊಯ್ಯುವವರು ಸತ್ತ ಸುದ್ದಿ ಕೊಡಗು, ಚಿಕ್ಕಮಗಳೂರು, ಹಾಸನದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹತ್ತಿದ್ದಾಗಲೇ ಹಾಗಾಗಬೇಕೆಂದಿಲ್ಲ, ಒಂದು ಮರದಿಂದ ಇನ್ನೊಂದಕ್ಕೆ ಏಣಿಯನ್ನು ನೆಟ್ಟಗೆ ಹಿಡಿದು ಸಾಗಿಸುವಾಗಲೂ ಆಗುತ್ತದೆ. ನಾವು ಏಣಿಯನ್ನು ಪ್ರತಿ ಸಲವೂ ಮಲಗಿಸಿಯೇ ಸಾಗಿಸುತ್ತೇವೆ. ಲೈನಿನ ಪಕ್ಕದ ಸಾಲುಗಳಿಗೆ ಒಣ ಬಿದಿರಿನದೋ ಫೈಬರಿನದೋ ಏಣಿ. ಕೊಂಬೆ ತಂತಿಯ ಹತ್ತಿರವಿದ್ದರೆ ಲೈನ್‌ಮನ್ ಬಂದು ಕರೆಂಟು ತೆಗೆದ ಮೇಲೆಯೇ ಮರ ಮುಟ್ಟುವುದು. ಅದಕ್ಕೆ 1912ಕ್ಕೆ ಫೋನ್ ಮಾಡಿ ಅರ್ಧ ದಿನ ಕಾದದ್ದೂ ಇದೆ.

ಬೆಲ್ಟ್ ಹಾಕಿದವನನ್ನು ಇಳಿಸುವುದು ಹೇಗೆಂದು ಬಹಳ ತಂಡಗಳು ಯೋಚಿಸಿರುವುದಿಲ್ಲ. ಪ್ರಜ್ಞೆ ತಪ್ಪಿ ಬೆಲ್ಟಿನಲ್ಲಿ ಅಲ್ಲಾಡದೆ ನೇತಾಡುವವನ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ಕೆಲವೇ ನಿಮಿಷದಲ್ಲಿ ಜೀವಕ್ಕೇ ಅಪಾಯವಾಗಬಹುದು. ಹಾಗಾಗಿ ಕೆಳಗೆ ಇನ್ನೊಂದು ಬೆಲ್ಟು, ಇನ್ನೊಂದು ಹಗ್ಗ, ಹತ್ತಬಲ್ಲ ಇನ್ನೊಬ್ಬ ಇರಲೇಬೇಕು. ಸುಗ್ಗಿಗೆ ಮೊದಲು ಒಬ್ಬನನ್ನು ಮರದಲ್ಲಿ ನೇತಾಡಿಸಿ ಇಳಿಸಿ ನೋಡುತ್ತೇವೆ.

ನಾನು ಮತ್ತೆ ಹತ್ತಿದ್ದು ಮರುವರ್ಷ. ಪಾದ ಸಿದ್ಧವಾಗಿತ್ತು, ಎದೆ ಆಗಿರಲಿಲ್ಲ. ಮೂರನೇ ಮೆಟ್ಟಿಲಿಗೆ ಮೊಣಕಾಲು ನಡುಗಿ, ಕೈ ಏಣಿಯನ್ನು ಎಷ್ಟು ಬಿಗಿ ಹಿಡಿಯಿತೆಂದರೆ ಬಿಡಿಸಿಕೊಳ್ಳಲು ಆಗಲಿಲ್ಲ. ಮೇಸ್ತ್ರಿ ಕೆಳಗಿನಿಂದ "ಅಲ್ಲೇ ನಿಂತ್ಕೊ, ಉಸಿರಾಡು, ಇಳಿ. ನಾಳೆ ನಾಲ್ಕನೇದು" ಅಂದರು. ಹಾಗೇ ಮಾಡಿದೆವು, ದಿನಕ್ಕೊಂದು ಮೆಟ್ಟಿಲು, ಕಟ್ಟಿದ ಏಣಿಯ ಮೇಲೆ, ಬೆಲ್ಟು ಹಾಕಿಕೊಂಡು. ಯಾರೂ ನಗಲಿಲ್ಲ, ಅವಸರ ಮಾಡಲಿಲ್ಲ. ಮೊದಲು ಮೆಣಸು ಕೊಯ್ದೆ, ಮರಗಸಿಗೆ ಕತ್ತಿ ಹಿಡಿದದ್ದು ಬಹಳ ತಿಂಗಳ ಮೇಲೆ. ಈಗಲೂ ಮೆಟ್ಟಿಲ ಮೇಲೆ ಪಾದದ ನಡುಭಾಗ ಊರುತ್ತೇನೆ, ಒಂದೇ ಜಾಗದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ, ಮಧ್ಯಾಹ್ನ ದಣಿದ ಮೇಲೆ ಹತ್ತುವುದಿಲ್ಲ. ಜುಲೈ ಚಳಿಗೆ ಪ್ಲೇಟಿನ ಜಾಗ ನೋಯುತ್ತದೆ.

ತಂಡದ ಎಲ್ಲರಿಗೂ ಬ್ಯಾಂಕಿನಲ್ಲಿ ಸುರಕ್ಷಾ ಬಿಮಾ ಮಾಡಿಸಿದ್ದೇನೆ. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕೈಯೋ ಕಾಲೋ ಪೂರ್ತಿ ಹೋದರೆ 1 ಲಕ್ಷ. ಮುರಿದ ಮೂಳೆಯ ಆಸ್ಪತ್ರೆ ಖರ್ಚಿಗೆ ಅದರಿಂದ ಏನೂ ಬರುವುದಿಲ್ಲ, ಅದಕ್ಕೆ ಬೇರೆಯೇ ಪಾಲಿಸಿ ಬೇಕು. ಸುರಕ್ಷಾ ಬಿಮಾದ ವರ್ಷ ಮೇ 31ಕ್ಕೆ ಮುಗಿಯುತ್ತದೆ, ಮರಗಸಿಯ ಗಡಿಬಿಡಿಯಲ್ಲಿ ಖಾತೆ ಖಾಲಿಯಿದ್ದರೆ ಹೊಸ ವರ್ಷದ ವಿಮೆ ಇರುವುದಿಲ್ಲ.

ತೋಟದ ಮಾಲೀಕರ ಹತ್ತಿರ ಕೂಲಿ ಮಾತಾಡುವಾಗ ಈಗ ಒಂದು ಮಾತು ಮೊದಲೇ ಹೇಳುತ್ತೇನೆ: ಮರ ಹತ್ತುವವನಿಗೆ ಎಷ್ಟೋ, ಬುಡದಲ್ಲಿ ನಿಲ್ಲುವವನಿಗೂ ಅಷ್ಟೇ. ಇಷ್ಟು ಕಾಲ ಬುಡಕ್ಕೆ ಅರ್ಧ ಕೂಲಿಯ ಹುಡುಗನನ್ನು ನಿಲ್ಲಿಸುವುದು ರೂಢಿ. ಅವನು ಮೊಬೈಲ್ ನೋಡುತ್ತಲೋ, ಬಿದ್ದ ಮೆಣಸು ಹೆಕ್ಕುತ್ತಲೋ ಇರುತ್ತಾನೆ. ಪೂರ್ತಿ ಕೂಲಿಯ, ಮರ ತಿಳಿದ ಆಳು ಕೆಳಗಿದ್ದರೆ ಮೇಲಿನವನಿಗೆ ಎರಡು ಕಣ್ಣು ಹೆಚ್ಚು. ಕೆಲವು ಮಾಲೀಕರು ಮರುಮಾತಿಲ್ಲದೆ ಒಪ್ಪಿದ್ದಾರೆ. ಒಪ್ಪದವರ ತೋಟಕ್ಕೆ ನಮ್ಮ ತಂಡ ಹೋಗುವುದಿಲ್ಲ.