ವಜ್ರದುಂಗುರ ಮಾಡಿಸುವಾಗ ಅಂಗಡಿಯಲ್ಲಿ ಬರೆಸಬೇಕಾದ ವಿವರಗಳು

ಶಿಡ್ಲಘಟ್ಟ, ಚಿಂತಾಮಣಿ ಅಥವಾ ಚಿಕ್ಕಬಳ್ಳಾಪುರದ ಪೇಟೆಯಲ್ಲಿ ವಜ್ರದುಂಗುರಕ್ಕೆ ಆರ್ಡರ್ ಕೊಡುವವರು ಸಾಮಾನ್ಯವಾಗಿ ಮೊಬೈಲಿನಲ್ಲಿರುವ ಚಿತ್ರವೊಂದನ್ನು ತೋರಿಸಿ, ‘ಇದೇ ಥರ, ಸ್ವಲ್ಪ ಸಣ್ಣಗಿರಲಿ’ ಎಂದು ಹೇಳಿ ಮುಂಗಡ ಕೊಟ್ಟು ಬರುತ್ತಾರೆ. ಆ ‘ಸ್ವಲ್ಪ’ವನ್ನು ಅಂಗಡಿಯವರು ಒಂದು ರೀತಿ, ಹರಳು ಕಟ್ಟುವ ಕೆಲಸ ಬೆಂಗಳೂರಿನ ನಗರ್ತಪೇಟೆಗೆ ಹೋದರೆ ಅಲ್ಲಿನ ಕುಶಲಕರ್ಮಿ ಇನ್ನೊಂದು ರೀತಿ ಅರ್ಥಮಾಡಿಕೊಂಡರೆ ಅವರನ್ನು ದೂರುವಂತಿಲ್ಲ. ಉಂಗುರದ ಮಾತನ್ನು ಮಿಲಿಮೀಟರಿನಲ್ಲಿ ಆಡಬೇಕು, ಆಡಿದ್ದನ್ನು ಆರ್ಡರ್ ಚೀಟಿಯಲ್ಲಿ ಬರೆಸಬೇಕು.

ವಿನ್ಯಾಸಕ್ಕಿಂತ ಮೊದಲು, ಉಂಗುರ ತೊಡುವ ಕೈ ದಿನವಿಡೀ ಮಾಡುವ ಕೆಲಸವನ್ನು ತಿಳಿಸಿ. ರೇಷ್ಮೆ ಗೂಡು ಬಿಡಿಸುವ, ನೂಲು ತೆಗೆಯುವ ಅಥವಾ ಹಾಲು ಕರೆಯುವ ಕೈಗೆ ಎತ್ತರವಾಗಿ ನಿಂತ ನಾಲ್ಕು ಪ್ರಾಂಗುಗಳ ಸೆಟ್ಟಿಂಗ್ ಒಗ್ಗುವುದಿಲ್ಲ. ಹರಳನ್ನು ಹಿಡಿದಿಡುವ ಆ ಲೋಹದ ಉಗುರುಗಳಿಗೆ ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತದೆ, ಹಾಗೆ ಸಿಕ್ಕಿ ಎಳೆದಾಡಿದ ಉಗುರು ಬರಬರುತ್ತ ಮೇಲೆದ್ದು ಹರಳು ಸಡಿಲವಾಗುತ್ತದೆ. ಇಂಥವರು ಹರಳಿನ ಸುತ್ತ ಚಿನ್ನದ ಅಂಚನ್ನು ಮಡಚಿ ಕೂರಿಸುವ ಬೆಝೆಲ್ ಕಟ್ಟನ್ನು ಕೇಳುವುದು ಲೇಸು. ಅದರಲ್ಲಿ ಹರಳು ತುಸು ಚಿಕ್ಕದಾಗಿ ಕಾಣುತ್ತದೆ ಎಂಬ ಮಾತು ನಿಜ, ಆದರೂ ನಮ್ಮ ಕಡೆಯ ಕೆಲಸಕ್ಕೆ ನನ್ನ ಮತ ಬೆಝೆಲ್ಲಿಗೇ. ಪ್ರಾಂಗೇ ಬೇಕೆನ್ನುವವರು ಆರು ಹಾಕಿಸಿ, ತುದಿಗಳು ದುಂಡಗೆ ಹರಳಿಗೆ ಒತ್ತಿಕೊಂಡಿರಬೇಕೆಂದು ಬರೆಸಬೇಕು. ವಜ್ರಕ್ಕೆ ಸುಲಭವಾಗಿ ಗೀರು ಬೀಳದಿದ್ದರೂ ಮೂಲೆಗೆ ಪೆಟ್ಟು ಬಿದ್ದರೆ ಚಕ್ಕೆ ಏಳಬಹುದಾದ್ದರಿಂದ, ಚೌಕಾಕಾರದ ಪ್ರಿನ್ಸೆಸ್ ಕಟ್ ಹರಳಿನ ನಾಲ್ಕೂ ಮೂಲೆಗಳಿಗೆ ಲೋಹದ ಮುಚ್ಚುಗೆ ಇರಲೇಬೇಕು.

ಎತ್ತರದ ವಿಷಯದಲ್ಲಿ ಲೆಕ್ಕ ಗೊತ್ತಿಲ್ಲದೆ ಕೇಳಿ ನಿರಾಶರಾಗುವವರು ಹೆಚ್ಚು. 50 ಸೆಂಟಿನ, ಅಂದರೆ ಅರ್ಧ ಕ್ಯಾರೆಟ್ಟಿನ ದುಂಡು ವಜ್ರದ ಅಗಲ ಸುಮಾರು 5.1 ಮಿ.ಮೀ., ಅದರ ಆಳ ಅಗಲದ ಶೇಕಡಾ 60ರಷ್ಟು, ಹೆಚ್ಚುಕಡಿಮೆ 3 ಮಿ.ಮೀ. ಹರಳಿನ ಕೆಳಮೊನೆ ಬೆರಳಿಗೆ ಚುಚ್ಚದಂತೆ ಸ್ವಲ್ಪ ಜಾಗ ಬಿಡಬೇಕಾದ್ದರಿಂದ, ‘ಬೆರಳಿಗೆ ಅಂಟಿದ ಹಾಗಿರಲಿ’ ಎಂದರೂ ಉಂಗುರ ಅದಕ್ಕಿಂತ ಎತ್ತರವಾಗಿಯೇ ಬರುತ್ತದೆ. ಶುಕ್ರನಿಗಾಗಿ ತೊಡುವ ವಜ್ರ ಚರ್ಮಕ್ಕೆ ತಾಗಲೇಬೇಕೆಂದು ಜ್ಯೋತಿಷಿಗಳು ಹೇಳಿದ್ದರೆ ಆ ಮಾತನ್ನು ಮೊದಲ ದಿನವೇ ತಿಳಿಸಿ, ಏಕೆಂದರೆ ಅದಕ್ಕೆ ಹಿಂಬದಿ ತೆರೆದ ಬೇರೆಯೇ ಕಟ್ಟು ಬೇಕು.

ಅಜ್ಜಿಯ ಏಳು ಹರಳಿನ ಓಲೆಯಿಂದ ವಜ್ರ ಬಿಡಿಸಿ ಉಂಗುರಕ್ಕೆ ಕೂರಿಸುವುದು ನಮ್ಮಲ್ಲಿ ಹೊಸದಲ್ಲ. ಹಳೆಯ ಮುಚ್ಚು ಕಟ್ಟಿನಲ್ಲಿ ಹರಳಿನ ಹಿಂದೆ ಹೊಳೆಯುವ ತಗಡು ಇಟ್ಟಿರುವುದುಂಟು. ಅದನ್ನು ತೆಗೆದ ಮೇಲೆ ಹರಳು ಮಂಕಾಗಿ ಅಥವಾ ಹಳದಿಯಾಗಿ ಕಂಡರೆ ಬದಲಾಯಿಸಿದ್ದಾರೆಂದು ಕೂಡಲೇ ಅನುಮಾನಿಸಬಾರದು. ಆ ಅನುಮಾನಕ್ಕೇ ಎಡೆಯಾಗದಂತೆ, ಓಲೆಯನ್ನು ನಿಮ್ಮ ಎದುರಿನಲ್ಲೇ ಬಿಚ್ಚಿಸಿ, ಪ್ರತಿ ಹರಳಿನ ತೂಕ, ಅಗಲ ಮತ್ತು ಚಕ್ಕೆ ಎದ್ದ ಜಾಗವನ್ನು ಬರೆಸಿ, ಫೋಟೊ ತೆಗೆದು ರಸೀದಿ ಪಡೆಯಿರಿ. ಬೇರೆ ಬೇರೆ ಅಳತೆಯ ಹಳೆಯ ಹರಳುಗಳಿಗೆ ಪ್ರತಿಯೊಂದಕ್ಕೂ ಪ್ರತ್ಯೇಕ ಕುಳಿ ಮಾಡಬೇಕಾಗುವುದರಿಂದ ಕೂಲಿ ಹೆಚ್ಚಾಗುವುದು ಸಹಜ.

ಚಿನ್ನ ಯಾವುದೆಂಬುದು ಸಣ್ಣ ವಿಷಯ: 22 ಕ್ಯಾರೆಟ್ ಮೆದುವಾದ್ದರಿಂದ ವಜ್ರಕ್ಕೆ 18 ಕ್ಯಾರೆಟ್ ತೆಗೆದುಕೊಳ್ಳಿ. ಬಿಳಿ ಚಿನ್ನಕ್ಕೆ ರೋಡಿಯಂ ಎಂಬ ಬಿಳಿ ಲೋಹದ ಲೇಪನವಿದ್ದರೆ ಅದು ಸವೆಯುತ್ತದೆ. ಮತ್ತೆ ಹಾಕಿಸುವ ಖರ್ಚು ಯಾರದೆಂದು ಕೇಳಿಕೊಳ್ಳಿ. ಬೆರಳಿನ ಅಳತೆಯನ್ನು ಬೆಳಗಿನ ಚಳಿಯಲ್ಲಿ ಕೊಡದೆ ಸಂಜೆ ಕೊಡಿ, ಗೆಣ್ಣು ದಪ್ಪವಿದ್ದರೆ ಗೆಣ್ಣಿನ ಮೇಲೂ ಅಳೆಯಿಸಿ. ಒಳಸುತ್ತು ಸುಮಾರು 52 ಮಿ.ಮೀ. ಬಂದರೆ ಅದು ನಮ್ಮ ಅಂಗಡಿಗಳ 12ನೇ ಸೈಜು. ಸುತ್ತಲೂ ಹರಳಿರುವ ಉಂಗುರವನ್ನು ಮುಂದೆ ಹಿಗ್ಗಿಸಲು ಸಾಮಾನ್ಯವಾಗಿ ಆಗುವುದಿಲ್ಲ.

ಒಳಬದಿಯಲ್ಲಿ ಹೆಸರು ಕೆತ್ತಿಸುವವರು ಕನ್ನಡದ ಒತ್ತಕ್ಷರಗಳನ್ನು ಮರೆಯಬಾರದು. ಎರಡು ಮಿ.ಮೀ. ಅಗಲದ ಪಟ್ಟಿಯಲ್ಲಿ ‘ಲಕ್ಷ್ಮಿ’ ಎಂದು ಕೆತ್ತಿದರೆ ಷ ಮತ್ತು ಮ ಒತ್ತುಗಳು ಒಂದಕ್ಕೊಂದು ಅಂಟಿ ಚುಕ್ಕೆಗಳಾಗುತ್ತವೆ. ಕನ್ನಡ ಸರಿಯಾಗಿ ಬಾರದ ಸಾಫ್ಟ್‌ವೇರಿನಲ್ಲಿ ಅವೇ ಅಕ್ಷರಗಳು ಬಿಡಿಬಿಡಿಯಾಗಿ ಬೀಳುವುದೂ ಉಂಟು. ಹಾಲ್‌ಮಾರ್ಕಿಗೂ ಜಾಗ ಬಿಡಬೇಕಾದ್ದರಿಂದ, ಕೆತ್ತುವ ಅಕ್ಷರದ ನಿಜಗಾತ್ರದ ಮುದ್ರಣವನ್ನು ನೋಡಿಯೇ ಒಪ್ಪಿಗೆ ಕೊಡಿ.

ಕಂಪ್ಯೂಟರ್ ಚಿತ್ರ ಬಂದಾಗ ಮೇಲಿನ ನೋಟಕ್ಕೆ ಮರುಳಾಗದೆ, ಪಕ್ಕದ ನೋಟವನ್ನು ಅಳತೆಗಳ ಸಮೇತ ಕೇಳಿ. ಸಾಧ್ಯವಾದರೆ ಮೇಣದ ಅಚ್ಚನ್ನು ಬೆರಳಿಗೆ ಹಿಡಿದು ನೋಡಿ. ಎರಕ ಹೊಯ್ದ ಮೇಲೆ ಬದಲಾವಣೆ ಎಂದರೆ ಹೊಸ ಉಂಗುರವೇ.

ಉಂಗುರ ಕೈಗೆ ಬಂದ ದಿನ ರೇಷ್ಮೆ ಸೀರೆಯ ಸೆರಗಿನ ಮೇಲೆ ಅದನ್ನು ಮೆಲ್ಲಗೆ ಎಳೆದು ನೋಡಿ, ಕಿವಿಯ ಹತ್ತಿರ ಅಲುಗಿಸಿ ಕೇಳಿ; ಎಳೆ ಸಿಕ್ಕಿಕೊಳ್ಳಬಾರದು, ಹರಳು ಸದ್ದು ಮಾಡಬಾರದು. ಪ್ರಮಾಣಪತ್ರವಿರುವ ವಜ್ರದ ಸೊಂಟದಲ್ಲಿ, ಅಂದರೆ ಅದರ ಅತಿ ಅಗಲವಾದ ಅಂಚಿನಲ್ಲಿ, ಪ್ರಮಾಣಪತ್ರದ ಸಂಖ್ಯೆ ಕೆತ್ತಿದ್ದರೆ ಭೂತಗನ್ನಡಿಯಲ್ಲಿ ತಾಳೆ ನೋಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣದಲ್ಲಿ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಆಭರಣಕ್ಕಷ್ಟೇ ಸೇರಿದ ಗುರುತಿನ ಸಂಖ್ಯೆ, ಕಡ್ಡಾಯವಾಗಿದೆ. ಅದನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಅಂಗಡಿಯಲ್ಲೇ ಪರಿಶೀಲಿಸಬಹುದು. ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ ಮತ್ತು ವಜ್ರದ ತೂಕ ಬೇರೆ ಬೇರೆಯಾಗಿಯೂ, ವಜ್ರ ಗಣಿಯದೋ ಪ್ರಯೋಗಾಲಯದ್ದೋ ಎಂಬುದು ಸ್ಪಷ್ಟವಾಗಿಯೂ ನಮೂದಾಗಿರುವುದನ್ನು ನೋಡಿಕೊಂಡು ಬಾಕಿ ಹಣ ಕೊಡಿ.