ಮೂಲೆಗೆ ಬಿದ್ದಿದ್ದ ಕಾರಿನ ಬಣ್ಣ ನಾನೇ ಸರಿ ಮಾಡಿದ್ದು ಹೀಗೆ

ಕಾರು ಕಡುನೀಲಿ. ಆದರೆ ನನ್ನ ಕೈಗೆ ಬಂದಾಗ ಬೂದು ಬಣ್ಣದ್ದು ಅನ್ನಿಸುವ ಹಾಗಿತ್ತು. ಓಡಿಸುವವರಿಲ್ಲದೆ ವರ್ಷಗಟ್ಟಲೆ ಮರದ ಕೆಳಗೆ ನಿಂತಿತ್ತು. ಬಾನೆಟ್ ಮೇಲೆ ಹಕ್ಕಿ ಹಿಕ್ಕೆಯ ಗುರುತುಗಳು, ರೂಫ್ ಮೇಲೆ ಮರದ ಅಂಟು, ಬಾಗಿಲುಗಳ ತುಂಬಾ ನೀರಿನ ಉಂಗುರಗಳು. ನಡುವೆ ಯಾರೋ ಒಳ್ಳೆ ಮನಸ್ಸಿನಿಂದಲೇ ಒಣಬಟ್ಟೆಯಲ್ಲಿ ಧೂಳು ಒರೆಸಿದ್ದರು. ಹಕ್ಕಿ, ಮರ, ಬಿಸಿಲು ಎಲ್ಲ ಸೇರಿ ಮಾಡಿದ್ದಕ್ಕಿಂತ ಆ ಬಟ್ಟೆ ಮಾಡಿದ ಹಾಳೇ ಜಾಸ್ತಿ. ಧೂಳು ಅಂದರೆ ಸಣ್ಣ ಮರಳು ತಾನೇ?

ನೋಡಿದವರೆಲ್ಲ "ಪೂರ್ತಿ ಪೇಂಟ್ ಹೊಡೆಸಿಬಿಡಿ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಕಾರ್ಖಾನೆಯಲ್ಲಿ ಬರೀ ಲೋಹದ ಬಾಡಿಗೆ ಪೇಂಟ್ ಹೊಡೆದು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಆಮೇಲೆ ಗ್ಯಾರೇಜಿನಲ್ಲಿ ಹೊಡೆಯುವಾಗ ಒಳಗೆ ವೈರು, ರಬ್ಬರು, ಪ್ಲಾಸ್ಟಿಕ್ ಎಲ್ಲ ಇರುತ್ತವೆ, ಅಷ್ಟು ಬಿಸಿ ಮಾಡಲು ಆಗುವುದಿಲ್ಲ. 60 ಡಿಗ್ರಿ ಆಸುಪಾಸಿನಲ್ಲಿ ಒಣಗುವ ಬೇರೆ ಪೇಂಟೇ ಬೇಕು. ಹಾಗಾಗಿ ಮೂಲ ಪೇಂಟ್ ಉಳಿಸಿಕೊಳ್ಳಲು ಸಾಧ್ಯವಿದ್ದರೆ ಉಳಿಸಿಕೊಳ್ಳಬೇಕು ಅನ್ನುವುದು ನನ್ನ ಹಟ.

ಕೆಲಸ ಶುರು ಮಾಡುವ ಮೊದಲು ಒಂದು ವಿಷಯ ತಲೆಯಲ್ಲಿರಬೇಕು. ಕೆಳಗೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಈಗಿನ ಹೆಚ್ಚಿನ ಕಾರುಗಳಲ್ಲಿ ಈ ಕ್ಲಿಯರ್ ಕೋಟ್ 40-50 ಮೈಕ್ರಾನ್ ಇರುತ್ತದೆ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ತಲೆಕೂದಲು ಇದಕ್ಕಿಂತ ದಪ್ಪ. ಬಿಸಿಲಿನಲ್ಲಿ ಕಾಣುವ ಜೇಡರ ಬಲೆಯಂಥ ಗೀರುಗಳೆಲ್ಲ ಈ ಪದರದಲ್ಲೇ ಇರುತ್ತವೆ. ಪಾಲಿಶ್ ಮಾಡಿದರೆ ಗೀರು ತುಂಬುವುದಿಲ್ಲ. ಗೀರಿನ ತಳ ಎಲ್ಲಿದೆಯೋ ಅಲ್ಲಿಯವರೆಗೆ ಸುತ್ತಲಿನ ಜಾಗವನ್ನೇ ಸವೆಸುತ್ತೇವೆ. ಬಿಸಿಲಿನಿಂದ ಬಣ್ಣ ಕಾಯುವುದೂ ಇದೇ ಪದರ. ಒಮ್ಮೆ ತೆಗೆದದ್ದು ವಾಪಸ್ ಬರುವುದಿಲ್ಲ. ಎಷ್ಟು ಗೀರು ತೆಗೆಯಬೇಕು ಅನ್ನುವುದಕ್ಕಿಂತ ಎಷ್ಟು ಬಿಡಬೇಕು ಅನ್ನುವುದೇ ಇಲ್ಲಿ ನಿಜವಾದ ತಲೆನೋವು.

ಎಲ್ಲ ಕಡೆ ಪಾಲಿಶ್ ಕೆಲಸಕ್ಕೆ ಬರುವುದೂ ಇಲ್ಲ. ಮಂಕಾದ ಜಾಗಕ್ಕೆ ನೀರು ಹಾಕಿ ನೋಡಿದೆ. ಒದ್ದೆ ಇದ್ದಾಗ ಬಣ್ಣ ಚೆನ್ನಾಗಿ ಕಂಡು, ಒಣಗಿದ ಮೇಲೆ ಮತ್ತೆ ಮಂಕಾದರೆ ಹಾಳಾಗಿರುವುದು ಮೇಲ್ಮೈ ಮಾತ್ರ, ಆಸೆ ಇಟ್ಟುಕೊಳ್ಳಬಹುದು. ರೂಫಿನ ಹಿಂದಿನ ಮೂಲೆಯಲ್ಲಿ ಮಾತ್ರ ಪದರವೇ ಬೆಳ್ಳಗೆ ಎದ್ದು ಚಕ್ಕೆ ಬಿಡುತ್ತಿತ್ತು. ಕ್ಲಿಯರ್ ಕೋಟ್ ಸತ್ತ ಲಕ್ಷಣ ಅದು. ಅಲ್ಲಿ ಮೆಷಿನ್ ಇಟ್ಟರೆ ಚಕ್ಕೆ ಇನ್ನೂ ಅಗಲವಾಗುತ್ತದೆ ಅಷ್ಟೇ. ಟೇಪ್ ಹಾಕಿ ಬಿಟ್ಟುಬಿಟ್ಟೆ. ಅಷ್ಟು ಭಾಗಕ್ಕೆ ಪೇಂಟ್ ಹೊಡೆಸಲೇಬೇಕು.

ತೊಳೆಯುವುದರಲ್ಲಿ ಆತುರ ಮಾಡಲಿಲ್ಲ. ಮೊದಲು ಚಕ್ರಗಳು, ಅವಕ್ಕೆ ಬೇರೆಯೇ ಬ್ರಷ್, ಬೇರೆಯೇ ನೀರು. ಆಮೇಲೆ ಮೈಗೆಲ್ಲ ನೊರೆ ಹೊಡೆದು ನೆನೆಯಲು ಬಿಟ್ಟೆ. ಜೋರು ನೀರಿನಲ್ಲಿ ಹೋಗುವಷ್ಟು ಕೊಳೆ ಕೈ ಮುಟ್ಟದೆಯೇ ಹೋಗಲಿ ಅಂತ. ಉಳಿದದ್ದಕ್ಕೆ ಎರಡು ಬಕೆಟ್. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಗ್ಲೌಸನ್ನು ಪ್ರತಿ ಸಲ ಬರೀ ನೀರಲ್ಲಿ ಜಾಲಿಸಿಯೇ ಶಾಂಪೂವಿಗೆ ಅದ್ದಬೇಕು. ಮೇಲಿನಿಂದ ಕೆಳಗೆ ಬರಬೇಕು. ಬಾಗಿಲಿನ ತಳಭಾಗ ಕೊನೆಗೆ, ಮರಳು ಇರುವುದೇ ಅಲ್ಲಿ. ಒಣಗಿದ ಹಿಕ್ಕೆ ಮತ್ತು ಅಂಟನ್ನು ಕೆರೆಯಬಾರದು. ಹಿಕ್ಕೆ ಮೇಲೆ ಒದ್ದೆ ಟಿಶ್ಯೂ ಹೊದಿಸಿ ಕಾದೆ. ಅಂಟಿನ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿದ ಹತ್ತಿ ಇಟ್ಟೆ, ಮೆತ್ತಗಾಗಿ ಬಂತು.

ಆಮೇಲೆ ನನಗೆ ಬಹಳ ಇಷ್ಟವಾದ ಹಂತ. ಕಬ್ಬಿಣದ ಕಣ ತೆಗೆಯುವ ಸ್ಪ್ರೇ. ಬ್ರೇಕ್ ಹಾಕಿದಾಗಲೆಲ್ಲ ಡಿಸ್ಕ್ ಸವೆದು ಸಣ್ಣ ಕಬ್ಬಿಣದ ಕಣಗಳು ಬಿಸಿಬಿಸಿಯಾಗಿ ಹಾರುತ್ತವೆ. ಪೇಂಟ್‌ಗೆ ಅಂಟಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತವೆ. ಶಾಂಪೂವಿಗೆ ಅವು ಜಗ್ಗುವುದಿಲ್ಲ. ಸ್ಪ್ರೇಯಲ್ಲಿರುವ ಥಯೋಗ್ಲೈಕೊಲೇಟ್ ಅನ್ನುವ ರಾಸಾಯನಿಕ ಕಬ್ಬಿಣದ ಜೊತೆ ಸೇರಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹೊಡೆದ ಸ್ವಲ್ಪ ಹೊತ್ತಿಗೇ ಹಿಂದಿನ ಬಾಗಿಲಿನ ಕೆಳಗೆ, ಚಕ್ರದ ಕಮಾನಿನ ಹಿಂದೆ ಚುಕ್ಕಿ ಚುಕ್ಕಿಯಾಗಿ ನೇರಳೆ ಮೂಡಿತು. ಆ ಚುಕ್ಕಿಗಳೇ ಎಳೆ ಎಳೆಯಾಗಿ ಇಳಿದವು. ಸ್ವಚ್ಛವಾಗಿದೆ ಅಂದುಕೊಂಡಿದ್ದ ಬಾಗಿಲು ಅದು! ವಾಸನೆ ಮಾತ್ರ ಕೇಳಬೇಡಿ, ಕೊಳೆತ ಮೊಟ್ಟೆಯದ್ದೇ. ಕೈಗವಸು ಹಾಕಿಕೊಳ್ಳಿ. ಒಣಗುವ ಮೊದಲೇ ಧಾರಾಳ ನೀರಿನಲ್ಲಿ ತೊಳೆಯಿರಿ. ಟಾರ್ ಚುಕ್ಕಿಗಳಿಗೆ ಬೇರೆ ಸಾಲ್ವೆಂಟ್ ಇದೆ, ಅದರದ್ದೇನೂ ಕಥೆ ಇಲ್ಲ. ಹಾಕಿ, ಕಾದು, ಒರೆಸಿದರೆ ಮುಗಿಯಿತು.

ಇಷ್ಟಾದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿದೆ. ಬರಿಗೈಗೆ ನುಣುಪಾಗಿದ್ದದ್ದು ಕವರಿನೊಳಗಿನ ಬೆರಳಿಗೆ ತರಿತರಿ ಅನ್ನಿಸಿತು. ಅದಕ್ಕೆ ಕ್ಲೇ ಬಾರ್, ಅಂಟಿಕೊಂಡ ಕಣಗಳನ್ನು ಎತ್ತುವ ಜೇಡಿಮಣ್ಣಿನಂಥ ಮೆತ್ತನೆ ಉಂಡೆ. ಜಾರುವಷ್ಟು ಲೂಬ್ರಿಕೆಂಟ್ ಹೊಡೆದು, ಒತ್ತದೆ, ನೇರ ಗೆರೆಯಲ್ಲಿ ಸುಮ್ನೆ ಆಡಿಸಬೇಕು. ಮೊದಲು ಸರ್‌ಸರ್ ಸದ್ದು ಬರುತ್ತದೆ, ಕಣಗಳು ಬಂದ ಮೇಲೆ ಸದ್ದು ನಿಲ್ಲುತ್ತದೆ. ಕ್ಲೇ ನೆಲಕ್ಕೆ ಬಿದ್ದರೆ ಎಸೆಯಿರಿ, ಜಿಪುಣತನ ಬೇಡ. ಕಡು ಬಣ್ಣದ ಮೇಲೆ ಕ್ಲೇ ತನ್ನದೇ ಸಣ್ಣ ಮಸುಕು ಬಿಡುತ್ತದೆ. ಹೇಗೂ ಪಾಲಿಶ್ ಮಾಡುವುದಿದೆಯಲ್ಲ, ಯೋಚನೆ ಇಲ್ಲ. ನೀರಿನ ಉಂಗುರಗಳಿಗೆ ಬಿಳಿ ವಿನೆಗರ್ ಮತ್ತು ನೀರು ಸಮ ಸಮ ಬೆರೆಸಿ ಒರೆಸಿ ತೊಳೆದೆ. ಮೇಲೆ ಕುಳಿತಿದ್ದ ಕ್ಯಾಲ್ಸಿಯಂ ಹೋಯಿತು. ಪೇಂಟನ್ನೇ ಕೊರೆದಿದ್ದ ಉಂಗುರಗಳು ಉಳಿದವು.

ಈಗ ಬೆಳಕು. ಟ್ಯೂಬ್‌ಲೈಟ್ ಕೆಳಗೆ ಯಾವ ಕಾರೂ ಚೆನ್ನಾಗೇ ಕಾಣುತ್ತದೆ. ಗೀರು ಕಾಣಬೇಕಾದರೆ ಬೆಳಕು ಒಂದೇ ಬಿಂದುವಿನಿಂದ ಬರಬೇಕು. ಒಳ್ಳೆಯ ಎಲ್‌ಇಡಿ ಟಾರ್ಚ್ ಹಿಡಿದು, ಕೋನ ಬದಲಿಸುತ್ತಾ ಪ್ರತಿ ಪ್ಯಾನೆಲ್ ನೋಡಿದೆ. ಜೊತೆಗೆ ಪೇಂಟಿನ ದಪ್ಪ ಅಳೆಯುವ ಗೇಜ್. ಬಾನೆಟ್ 110ರಿಂದ 120 ಮೈಕ್ರಾನ್, ರೂಫ್ ನೂರರ ಹತ್ತಿರ, ಹಿಂದಿನ ಒಂದು ಬಾಗಿಲು 240 ದಾಟಿತು. ಆ ಬಾಗಿಲಿಗೆ ಹಿಂದೆ ಯಾವಾಗಲೋ ಮರುಪೇಂಟ್ ಆಗಿದೆ ಅಂತ ಅರ್ಥ. ದಪ್ಪ ಇದೆ ಅಂತ ಅಲ್ಲಿ ಧೈರ್ಯವಾಗಿ ಉಜ್ಜಬಹುದು ಅಂದುಕೊಳ್ಳಬೇಡಿ. ಗೇಜ್ ಹೇಳುವುದು ಎಲ್ಲ ಪದರಗಳ ಒಟ್ಟು ದಪ್ಪ, ಅದರಲ್ಲಿ ಕ್ಲಿಯರ್ ಕೋಟ್ ಎಷ್ಟು ಅಂತ ಹೇಳುವುದಿಲ್ಲ. ಸಾಮಾನ್ಯ ಗೇಜ್ ಲೋಹದ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಬಂಪರಿನಲ್ಲಿ ಕಣ್ಣಂದಾಜೇ ಗತಿ.

ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ಬಾಡಿಯ ಚೂಪು ಅಂಚುಗಳಿಗೆಲ್ಲ ಮಾಸ್ಕಿಂಗ್ ಟೇಪ್ ಹಾಕಿದೆ. ಅಂಚಿನಲ್ಲಿ ಪೇಂಟ್ ತೆಳುವಾಗಿರುತ್ತದೆ, ಪ್ಯಾಡಿನ ಒತ್ತಡವೂ ಅಲ್ಲೇ ಜಾಸ್ತಿ ಬೀಳುತ್ತದೆ.

ಪ್ರಯೋಗಕ್ಕೆ ಬಾನೆಟ್ ಮೇಲೆ ಒಂದೂವರೆ ಅಡಿ ಚೌಕ ಆರಿಸಿಕೊಂಡೆ. ನಿಯಮ ಒಂದೇ, ಮೆತ್ತಗಿನದರಿಂದ ಶುರು ಮಾಡುವುದು. ಮೊದಲು ಮೆತ್ತನೆ ಫೋಮ್ ಪ್ಯಾಡ್ ಮತ್ತು ಫಿನಿಶಿಂಗ್ ಪಾಲಿಶ್. ಹೊಳಪು ಬಂತು, ಗೀರು ಹಾಗೇ ಇತ್ತು. ಗಟ್ಟಿ ಫೋಮ್ ಜೊತೆ ಮಧ್ಯಮ ಪಾಲಿಶ್ ಹಾಕಿದೆ. ಅರ್ಧಕ್ಕರ್ಧ ಹೋಯಿತು. ಕೊನೆಗೆ ಮೈಕ್ರೋಫೈಬರ್ ಪ್ಯಾಡ್ ಮತ್ತು ಕಾಂಪೌಂಡ್, ಅಂದರೆ ಜಾಸ್ತಿ ಸವೆಸುವ ಒರಟು ಪಾಲಿಶ್. ಗೀರು ಹೋಯಿತು, ಜೊತೆಗೆ ಮಂಜು ಕವಿದಂಥ ಸಣ್ಣ ಮಸುಕು ಬಂತು. ಅದರ ಮೇಲೆ ಮತ್ತೆ ಮೆತ್ತನೆ ಪ್ಯಾಡ್ ಓಡಿಸಿದಾಗ ನೀಲಿ ಆಳವಾಗಿ ಎದ್ದು ಬಂತು. ಚೌಕದ ಅಂಚಿಗೆ ಹಾಕಿದ್ದ ಟೇಪ್ ಕಿತ್ತು ಟಾರ್ಚ್ ಬಿಟ್ಟೆ. ಗೆರೆಯ ಈಚೆಗೆ ಟಾರ್ಚಿನ ಬಿಂಬ ಒಂದೇ ಚುಕ್ಕಿ. ಆಚೆಗೆ ಅದೇ ಬಿಂಬದ ಸುತ್ತ ಸಾವಿರ ಎಳೆ.

ಹಾಗಂತ ಕಾಂಪೌಂಡನ್ನು ಇಡೀ ಕಾರಿಗೆ ಹಾಕಲಿಲ್ಲ. ಬಾನೆಟ್, ಡಿಕ್ಕಿ, ಬಾಗಿಲುಗಳ ಮೇಲ್ಭಾಗಕ್ಕೆ ಕಾಂಪೌಂಡ್ ಮತ್ತು ಫಿನಿಶಿಂಗ್ ಎರಡೂ. ತೆಳುವಾಗಿದ್ದ ರೂಫ್‌ಗೆ ಮತ್ತು ಮರುಪೇಂಟ್ ಆದ ಬಾಗಿಲಿಗೆ ಮಧ್ಯಮ ಪಾಲಿಶ್ ಒಂದೇ. ರೂಫ್ ಮೇಲಿನ ಗೀರು ನೋಡುವವರು ಯಾರು ಹೇಳಿ?

ಮೆಷಿನ್ 15 ಮಿ.ಮೀ. ಥ್ರೋ (ಪ್ಯಾಡ್ ಓಲಾಡುವ ಅಗಲ) ಇರುವ ಡ್ಯುಯಲ್ ಆಕ್ಷನ್ ಪಾಲಿಶರ್. ಓಲಾಡದೆ ಬರೀ ಸುತ್ತುವ ರೋಟರಿ ಮೆಷಿನ್ ಬೇಗ ಕತ್ತರಿಸುತ್ತದೆ ನಿಜ. ಆದರೆ ಒಂದೇ ಜಾಗ ಬಿಸಿಯಾಗುತ್ತದೆ, ಕೈ ಪಳಗಿಲ್ಲದಿದ್ದರೆ ಬಿಸಿಲಲ್ಲಿ ಮಿನುಗುವ ಹೊಲೊಗ್ರಾಮ್ ಗೆರೆಗಳನ್ನು ಬಿಡುತ್ತದೆ. ಡ್ಯುಯಲ್ ಆಕ್ಷನ್‌ನಲ್ಲಿ ಪ್ಯಾಡ್ ಅಲುಗುತ್ತಲೇ ತಿರುಗುತ್ತದೆ. ಜಾಸ್ತಿ ಒತ್ತಿದರೆ ತಿರುಗುವುದು ನಿಂತು ಬರೀ ನಡುಗುತ್ತದೆ, ಆಗ ಗೀರು ಹೋಗುವುದಿಲ್ಲ. ಅದು ಗೊತ್ತಾಗಲಿ ಅಂತ ಪ್ಯಾಡ್ ಕೂರುವ ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರ್‌ನಲ್ಲಿ ಒಂದು ಕಪ್ಪು ಗೆರೆ ಎಳೆದುಕೊಂಡಿದ್ದೆ. ಕೆಲಸ ಮಾಡುವಾಗ ಕಣ್ಣು ಪೇಂಟಿಗಿಂತ ಆ ಗೆರೆಯ ಮೇಲೇ ಜಾಸ್ತಿ ಇತ್ತು. ಪ್ಯಾಡಿಗೆ ಬಟಾಣಿ ಗಾತ್ರದ ಮೂರು-ನಾಲ್ಕು ಹನಿ ಸಾಕು. ಕೈ ನಿಧಾನ, ಸೆಕೆಂಡಿಗೆ ಎರಡು-ಮೂರು ಸೆಂ.ಮೀ. ಒಂದು ಸಾಲು ಹಿಂದಿನ ಸಾಲಿನ ಅರ್ಧ ಮೇಲೆ ಬರಬೇಕು. ಅಡ್ಡ ಒಮ್ಮೆ, ಉದ್ದ ಒಮ್ಮೆ, ಮತ್ತೆ ಅಡ್ಡ, ಮತ್ತೆ ಉದ್ದ. ಪ್ರತಿ ಚೌಕ ಮುಗಿದ ಮೇಲೆ ಪ್ಯಾಡನ್ನು ಬ್ರಷ್‌ನಲ್ಲಿ ಉಜ್ಜಿ ಕೊಡವಿದೆ. ಸವೆದ ಪೇಂಟಿನ ಪುಡಿ ಪ್ಯಾಡಿನಲ್ಲೇ ಉಳಿದರೆ ಅದೇ ಹೊಸ ಗೀರು ಹಾಕುತ್ತದೆ. ಎಲ್ಲ ಕೆಲಸ ನೆರಳಲ್ಲೇ, ಪ್ಯಾನೆಲ್ ತಣ್ಣಗಿರುವಾಗಲೇ.

ಚಾಲಕನ ಬಾಗಿಲಿನಲ್ಲಿ ಉಗುರಿಗೆ ಸಿಗುವಂಥ ಒಂದು ಗೀರಿತ್ತು. ಉಗುರು ಸಿಕ್ಕಿಕೊಂಡರೆ ಅದು ಪಾಲಿಶ್‌ನಲ್ಲಿ ಪೂರ್ತಿ ಹೋಗುವುದಿಲ್ಲ. ಅಂಚು ಮೊಂಡಾಗುವಷ್ಟು ಮಾಡಿ ಬಿಟ್ಟೆ, ಈಗ ಹುಡುಕಿದರೆ ಕಾಣುತ್ತದೆ. ಬಾನೆಟ್ ಮೇಲಿನ ಹಿಕ್ಕೆಯ ಗುರುತಿಗೆ 3000 ಗ್ರಿಟ್ ಕಾಗದ ಹಾಕುವ ಆಸೆಯೇನೋ ಬಂತು. ಹಾಕಲಿಲ್ಲ. ಸ್ಯಾಂಡಿಂಗ್ ಒಂದಿಷ್ಟು ಮೈಕ್ರಾನ್ ತೆಗೆಯುತ್ತದೆ, ಆ ಕಾಗದದ ಗುರುತು ಅಳಿಸಲು ಕಾಂಪೌಂಡ್ ಇನ್ನೊಂದಿಷ್ಟು. ಒಂದು ನೆರಳಿನಂಥ ಕಲೆಗೆ ಅಷ್ಟು ತೆರುವುದು ನನಗೆ ಸರಿ ಕಾಣಲಿಲ್ಲ.

ಪಾಲಿಶ್ ಮುಗಿದ ತಕ್ಷಣ ಕಾಣುವ ಹೊಳಪನ್ನು ನಂಬಬೇಡಿ. ಪಾಲಿಶ್‌ನಲ್ಲಿರುವ ಎಣ್ಣೆ ಗೀರಿನೊಳಗೆ ಕುಳಿತು ಅದನ್ನು ಮುಚ್ಚುತ್ತದೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದ ಮೇಲೆ ಉಳಿದದ್ದೇ ನಿಜ. ಕೊನೆಗೆ ಹಚ್ಚುವ ರಕ್ಷಣೆಯ ಕೋಟಿಂಗ್ ಹಿಡಿಯಬೇಕಾದರೂ ಆ ಎಣ್ಣೆ ಹೋಗಿರಬೇಕು.

ರಕ್ಷಣೆಗೆ ಮೂರು ದಾರಿ. ಕಾರ್ನೌಬಾ ವ್ಯಾಕ್ಸ್ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ. ಹಚ್ಚಲು ಸುಲಭ, ಕೆಲವು ವಾರಗಳಿಂದ ಒಂದೆರಡು ತಿಂಗಳ ಬಾಳಿಕೆ. ಸಿಂಥೆಟಿಕ್ ಸೀಲಂಟ್ ಅದಕ್ಕಿಂತ ಹೆಚ್ಚು ದಿನ ಬರುತ್ತದೆ. ಸೆರಾಮಿಕ್ ಕೋಟಿಂಗ್ ಚೆನ್ನಾಗಿ ನೋಡಿಕೊಂಡರೆ ವರ್ಷ ದಾಟುತ್ತದೆ. ಈ ಕಾರು ಮುಂದೆಯೂ ಬಯಲಲ್ಲೇ ನಿಲ್ಲುವುದು, ಹಾಗಾಗಿ ಸೆರಾಮಿಕ್ ಆರಿಸಿದೆ. ಬಾಟಲಿ ಮೇಲೆ 9ಎಚ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಎಷ್ಟು ಗಡಸು ಪೆನ್ಸಿಲಿನ ಮೊನೆಯನ್ನು ತಡೆಯುತ್ತದೆ ಅನ್ನುವ ಅಳತೆ ಅಷ್ಟೇ. ಕಲ್ಲು ಸಿಡಿದರೆ, ಒಣಬಟ್ಟೆಯಲ್ಲಿ ಉಜ್ಜಿದರೆ ಇದಕ್ಕೂ ಗೀರು ಬೀಳುತ್ತದೆ.

ಹಚ್ಚುವಾಗ ಅರ್ಧ ಪ್ಯಾನೆಲಿಗಿಂತ ಹೆಚ್ಚು ಹಿಡಿಯಲಿಲ್ಲ. ಸ್ಯೂಡ್ ಬಟ್ಟೆ ಸುತ್ತಿದ ಸ್ಪಂಜಿನಲ್ಲಿ ಅಡ್ಡ-ಉದ್ದ ಸವರಿ ಕಾದೆ. ಮೇಲೆ ಕಾಮನಬಿಲ್ಲಿನಂಥ ಬಣ್ಣ ಹೊರಳತೊಡಗಿದಾಗ ಒಂದು ಮೈಕ್ರೋಫೈಬರ್‌ನಲ್ಲಿ ಸಮ ಮಾಡಿ, ಇನ್ನೊಂದರಲ್ಲಿ ಒರೆಸಿದೆ. ಒರೆಸದೆ ಬಿಟ್ಟುಹೋದ ಜಾಗ ಗಟ್ಟಿಯಾದರೆ ಕಪ್ಪು ಮಚ್ಚೆಯಂತೆ ನಿಲ್ಲುತ್ತದೆ. ಆಮೇಲೆ ಪಾಲಿಶ್ ಮಾಡಿಯೇ ತೆಗೆಯಬೇಕು. ಅದಕ್ಕೇ ಪ್ರತಿ ಪ್ಯಾನೆಲ್ ಮುಗಿದ ಮೇಲೂ ಟಾರ್ಚ್ ಹಾಕಿ ಓರೆಯಿಂದ ನೋಡುತ್ತಿದ್ದೆ. ಒಂದು ದಿನ ನೀರು ತಾಗದಂತೆ, ಒಂದು ವಾರ ಶಾಂಪೂ ಮುಟ್ಟಿಸದಂತೆ ಒಳಗೇ ನಿಲ್ಲಿಸಿದೆ.

ಈಗ ಡಿಕ್ಕಿಯಲ್ಲಿ ಒಂದು ಸ್ಪ್ರೇ ಬಾಟಲಿ, ಎರಡು ಮೈಕ್ರೋಫೈಬರ್ ಇರುತ್ತವೆ. ಹಿಕ್ಕೆ ಬಿದ್ದರೆ ಮನೆಗೆ ಹೋಗುವವರೆಗೂ ಕಾಯುವುದಿಲ್ಲ. ಅಲ್ಲೇ ನೆನೆಸಿ ಎತ್ತಿಬಿಡುತ್ತೇನೆ. ಧೂಳಿಗೆ ಮಾತ್ರ ಆ ಬಟ್ಟೆ ಮುಟ್ಟಿಸುವುದಿಲ್ಲ, ಅದಕ್ಕೆ ಬಕೆಟ್ಟೇ ಆಗಬೇಕು. ಬಟ್ಟೆ ನೆಲಕ್ಕೆ ಬಿದ್ದರೆ ಅವತ್ತಿನಿಂದ ಅದು ಚಕ್ರ ಒರೆಸುವ ಬಟ್ಟೆ.