ಆಂಪ್ಸ್ ನೋಡಿದೆ, ಆರ್‌ಪಿಎಂ ನೋಡಲಿಲ್ಲ

ನನ್ನ ರಿಮೋಟ್ ಕಂಟ್ರೋಲ್ ವಿಮಾನದ ಹತ್ತು ಇಂಚಿನ ಪ್ರಾಪ್ (ಪ್ರೊಪೆಲರ್) ಮುರಿದದ್ದು ಆಕಾಶದಲ್ಲಲ್ಲ, ಮನೆಯ ತಾರಸಿಯಲ್ಲಿ. ಮೋಟಾರನ್ನು ಹಳೆಯ ಮಣೆಗೆ ಸ್ಕ್ರೂ ಹಾಕಿ ಬಿಗಿದು, ಮಣೆಯನ್ನು ನೀರಿನ ಟ್ಯಾಂಕಿನ ಕಂಬಿಗೆ ಕಟ್ಟಿದ್ದೆ. ಫುಲ್ ಥ್ರಾಟಲ್ ಕೊಟ್ಟು ಮೂರು ಸೆಕೆಂಡ್ ಆಗಿರಬಹುದು, ಪಟಕ್ ಅಂತ ಸದ್ದು. ಒಂದು ಬ್ಲೇಡ್ ಮಾಯ. ಉಳಿದ ಒಂಟಿ ಬ್ಲೇಡ್ ಹೊತ್ತು ಮೋಟಾರ್ ಒದ್ದಾಡಿ ಎರಡು ಸ್ಕ್ರೂ ಕಿತ್ತುಕೊಂಡಿತು. ಹಾರಿದ ತುಂಡು ಪಕ್ಕದ ತುಳಸಿ ಕುಂಡದ ಮಣ್ಣಿನಲ್ಲಿ ಚುಚ್ಚಿಕೊಂಡಿತ್ತು. ಅಣ್ಣನ ಮಗ ಆ ಕಡೆಯೇ ಕೂತು ನೋಡ್ತೀನಿ ಅಂತ ಹಟ ಮಾಡಿದ್ದ. ಬೈದು ನನ್ನ ಹಿಂದೆ ನಿಲ್ಲಿಸಿದ್ದೆ.

ನನ್ನ ಜೋಡಣೆಯಲ್ಲಿ ವಿಶೇಷ ಏನೂ ಇಲ್ಲ. 2212 ಗಾತ್ರದ ಮೋಟಾರ್, 1000 ಕೆವಿ (ಹೊರೆ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಸಾವಿರ ಸುತ್ತು), 30 ಆಂಪ್ಸ್ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್), 3ಎಸ್ ಲಿಪೋ (ಮೂರು ಸೆಲ್ಲಿನ ಲಿಥಿಯಂ ಬ್ಯಾಟರಿ), 10×4.7 ಪ್ರಾಪ್ (ಇಂಚಿನಲ್ಲಿ ವ್ಯಾಸ ಮತ್ತು ಒಂದು ಸುತ್ತಿಗೆ ಮುಂದೆ ಸಾಗುವ ದೂರ). ವಾಟ್ ಮೀಟರ್ ಹಾಕಿ ನೋಡಿದಾಗ ಸುಮಾರು 15 ಆಂಪ್ಸ್ ತೋರಿಸಿತ್ತು. ಇಎಸ್‌ಸಿಗೆ ಅದು ಲೆಕ್ಕಕ್ಕೇ ಇಲ್ಲ. ಮೋಟಾರ್ ಸ್ವಲ್ಪ ಬಿಸಿ, ಅಷ್ಟೇ. ನಮ್ಮಲ್ಲಿ ಯಾರನ್ನು ಕೇಳಿದರೂ ಮೊದಲು ಬರೋ ಪ್ರಶ್ನೆ "ಎಷ್ಟು ಆಂಪ್ಸ್ ಎಳೆಯುತ್ತೆ?" ಪ್ರಾಪ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ತಿರುಗುತ್ತೆ, ಆ ವೇಗವನ್ನು ತಾಳಿಕೊಳ್ಳುತ್ತಾ ಅಂತ ಕೇಳೋರು ಕಡಿಮೆ. ನಾನೂ ಕೇಳಿರಲಿಲ್ಲ.

ಆ ಪ್ರಾಪ್ ಮೇಲೆ ಎಸ್‌ಎಫ್ ಅಂತ ಇತ್ತು. ಅಂದ್ರೆ ಸ್ಲೋ ಫ್ಲೈಯರ್. ಬ್ಲೇಡ್ ಅಗಲ, ಆದರೆ ತೆಳು. ನಿಧಾನವಾಗಿ ತಿರುಗಲೆಂದೇ ಮಾಡಿದ್ದು. ಎಪಿಸಿ ಕಂಪನಿ ತನ್ನ ಸ್ಲೋ ಫ್ಲೈಯರ್ ಪ್ರಾಪ್‌ಗಳಿಗೆ ಕೊಡುವ ಮಿತಿ ಸರಳ: 65,000ವನ್ನು ಇಂಚಿನಲ್ಲಿರುವ ವ್ಯಾಸದಿಂದ ಭಾಗಿಸಬೇಕು. ಹತ್ತು ಇಂಚಿಗೆ 6,500 ಆರ್‌ಪಿಎಂ. ನನ್ನದಂತೂ ಎಪಿಸಿಯೂ ಅಲ್ಲ, ಹೆಸರಿಲ್ಲದ ನಕಲು.

ಹಾಗಾದರೆ ಎಷ್ಟು ತಿರುಗುತ್ತಿತ್ತು? ತಿರುಗುವ ವೇಗವನ್ನು ಬೆಳಕಿನಿಂದ ಅಳೆಯುವ ಒಂದು ಆಪ್ಟಿಕಲ್ ಟ್ಯಾಕೋಮೀಟರ್ ತಂದೆ. ಅದು ಸರಿ ಓದುತ್ತಾ ಅಂತ ನೋಡಲು ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಸಾಕು. ನಮ್ಮ ಕರೆಂಟ್ 50 ಹರ್ಟ್ಜ್, ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತೆ. ಅಂದ್ರೆ ನಿಮಿಷಕ್ಕೆ 6,000; ಎರಡು ಬ್ಲೇಡ್ ಸೆಟ್ಟಿಂಗ್‌ನಲ್ಲಿ ಅದರ ಅರ್ಧ, 3,000 ಬರಬೇಕು. ಬಂತು. ಅದೇ ಪ್ಯಾಕೆಟ್‌ನಲ್ಲಿದ್ದ ಇನ್ನೊಂದು ಪ್ರಾಪ್ ಹಾಕಿ, ಈ ಸಲ ತಾರಸಿ ಬಾಗಿಲ ಹಿಂದೆ ಅಡಗಿ, ಥ್ರಾಟಲ್ ಮೆಲ್ಲಗೆ ಏರಿಸಿದೆ. ಮುಕ್ಕಾಲು ಥ್ರಾಟಲ್ ದಾಟುವಷ್ಟರಲ್ಲೇ 6,500 ಮುಟ್ಟಿತು. ಅಲ್ಲಿಗೇ ನಿಲ್ಲಿಸಿದೆ. ಫುಲ್ ಕೊಟ್ಟರೆ 7,000 ಅಂತ ಇಟ್ಟುಕೊಳ್ಳಿ. ಆಗ ಬ್ಲೇಡಿನ ತುದಿ ಗಂಟೆಗೆ ಸುಮಾರು 335 ಕಿಲೋಮೀಟರ್ ವೇಗದಲ್ಲಿರುತ್ತೆ. ಬ್ಲೇಡನ್ನು ಬುಡದಿಂದ ಹೊರಕ್ಕೆ ಎಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ಆರ್‌ಪಿಎಂ ಹತ್ತು ಪರ್ಸೆಂಟ್ ಜಾಸ್ತಿಯಾದರೆ ಎಳೆತ ಇಪ್ಪತ್ತೊಂದು ಪರ್ಸೆಂಟ್ ಜಾಸ್ತಿ.

ಕೊನೆಗೆ ಆರಿಸಿದ್ದು 9×4.5 ಇ. ಕೊನೆಯ ಆ 'ಇ' ಅಕ್ಷರ ಎಲೆಕ್ಟ್ರಿಕ್ ಮೋಟಾರಿಗೆ ಅಂತ. ಬುಡ ದಪ್ಪ, ಬ್ಲೇಡ್ ಗಡುಸು, ಮಿತಿ 15,000 ಆರ್‌ಪಿಎಂಗಿಂತಲೂ ಮೇಲೆ. ನನ್ನ ಮೋಟಾರಲ್ಲಿ ಅದು 8,300ರ ಆಸುಪಾಸು ತಿರುಗುತ್ತೆ, 11 ಆಂಪ್ಸ್ ಎಳೆಯುತ್ತೆ. ವ್ಯಾಸ ಒಂದು ಇಂಚು ಇಳಿದರೆ ಹೊರೆ ಎಷ್ಟು ಇಳಿಯುತ್ತೆ ನೋಡಿ! ವಿಮಾನವನ್ನು ಮುಂದಕ್ಕೆ ಒಯ್ಯುವ ಬಲ ಸ್ವಲ್ಪ ಕಡಿಮೆಯಾಯಿತು, ಅದು ನಿಜ. ಕೈಯಿಂದ ಎಸೆದಾಗ ವಿಮಾನ ಮೊದಲಿನ ಹಾಗೆ ಜಿಗಿಯಲ್ಲ. ಮುಕ್ಕಾಲು ಕಿಲೋ ತೂಕದ ಫೋಮ್ ಟ್ರೇನರಿಗೆ (ಕಲಿಯುವವರ ವಿಮಾನಕ್ಕೆ) ಇಷ್ಟು ಧಾರಾಳ ಸಾಕು.

ಹೊಸ ಪ್ರಾಪನ್ನು ಬ್ಯಾಲೆನ್ಸರ್ ಮೇಲಿಟ್ಟು, ಭಾರದ ಬ್ಲೇಡಿನ ಹಿಂಬದಿಯನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜುತ್ತೇನೆ. ಅಕ್ಷರ ಇರುವ ಮುಖ ಹಾರುವ ದಿಕ್ಕಿಗೆ. ನೆಲಕ್ಕೆ ತಾಗಿಸಿದ ಮೇಲೆ ಪ್ಲಾಸ್ಟಿಕ್ ಬ್ಲೇಡನ್ನು ಮೆಲ್ಲಗೆ ಬಗ್ಗಿಸಿ ನೋಡುತ್ತೇನೆ. ಬುಡದಲ್ಲಿ ಬಿಳಿ ಗೆರೆ ಕಂಡರೆ ಅಲ್ಲೇ ಎರಡು ತುಂಡು ಮಾಡಿ ಚೀಲಕ್ಕೆ ಹಾಕುತ್ತೇನೆ. ಹಾಗೇ ಬಿಟ್ಟರೆ ಯಾರಾದರೂ ಫೆವಿಕ್ವಿಕ್ ಹಚ್ಚಿ ಮತ್ತೆ ಹಾಕ್ತಾರೆ. ನಾನೇ ಹಾಕಿದ್ದೆ ಒಂದು ಕಾಲದಲ್ಲಿ.